ಎಡಗೈ, ಬಲಗೈ

ಹದಿನಾಲ್ಕನೇ ಕಾಟೇಜಿನ ಕಸದಬುಟ್ಟಿಯಲ್ಲಿ ಸಿಕ್ಕ ಶೀಶೆ.
ತಳದಲ್ಲಿ ಉಗುರಿನಷ್ಟು ಉಳಿದಿತ್ತು,
ಮುಚ್ಚಳ ಮಾತ್ರ ತಕ್ಕಡಿ ಬಟ್ಟಿನ ಭಾರ,
ಹಾಕಿದರೆ ಗೆಸ್ಟುಗಳ ದೊಡ್ಡ ಕಾರಿನ ಬಾಗಿಲಂತೆ
ಮೆತ್ತಗೆ ಟಕ್ ಅನ್ನುತ್ತಿತ್ತು.
ಕದ್ದದ್ದಲ್ಲ. ಎಸೆದದ್ದು.
ಆದರೂ ಏಪ್ರನ್ ಜೇಬಿಗೆ ಹಾಕುವಾಗ
ಹಿಂದೆ ತಿರುಗಿ ನೋಡಿದೆ.

ಶುಕ್ರವಾರ ಮಡಿಕೇರಿ ಸಂತೆಗೆ ಹೋದವಳು
ಉಸೈನಾರ್ ಕಾಕನ ಅತ್ತರಿನ ಪೆಟ್ಟಿಗೆ ಮುಂದೆ ನಿಂತೆ.
"ಇಂಥದ್ದೇ ಬೇಕು ಕಾಕ."
ಶೀಶೆಯ ಬುಡ ತಿರುಗಿಸಿ ನಂಬರ್ ಓದಿ,
ಕನ್ನಡಕ ಹಣೆಗೇರಿಸಿ ನನ್ನನ್ನೂ ಒಂದು ಸಲ ಓದಿ,
"ಇದರ ದುಡ್ಡಿಗೆ ಒಂದು ಹಸು ಬರ್ತದೆ ಮಗಳೇ,
ಹಾಲು ಕೊಡೋ ಹಸು" ಅಂದ.
ಮತ್ತೆ ಮೂರನೇ ಸಾಲಿಂದ ಒಂದು ಬಾಟಲಿ ಎತ್ತಿದ.
ಚೀಟಿಯಲ್ಲಿ ಹೆಸರಿರಲಿಲ್ಲ,
ನಲವತ್ತೊಂದು ಅಂತಿತ್ತು.

ಎಡಗೈಗೆ ದೊರೆ, ಬಲಗೈಗೆ ದೊರೆಯ ವೇಷ.
ಮೂಸಿದೆ. ಇದು ಅದೇ. ಅದು ಇದೇ.
"ನಡುವೆ ಇದನ್ನು ಮೂಸು, ಮೂಗು ಖಾಲಿ ಆಗ್ತದೆ" ಅಂತ
ಹುರಿದ ಕಾಫಿ ಬೀಜ ಒಂದು ಮುಷ್ಟಿ ಹಿಡಿದ.
ನಗು ಬಂತು.
ಎಲ್ಲಿಯವರ ಮೂಗೋ ಅದು, ಕಾಫಿಗೆ ಖಾಲಿಯಾಗುವುದು!
ನನಗೆ ಅದರಲ್ಲಿ ಕಣ ಕಂಡಿತು, ಬಿದಿರ ಕುಕ್ಕೆ ಕಂಡಿತು,
ಬಾಣೆಯ ಇಳಿಜಾರಲ್ಲಿ ಹಣ್ಣು ಕುಯ್ಯುವ ಅವ್ವನ
ಬೆರಳ ಸಂದಿಯ ಅಂಟು ಕಂಡಿತು.
ಮೂಗು ತುಂಬಿಹೋಯಿತು.
ಆಮೇಲೆ ಎರಡೂ ಕೈ ಒಂದೇ.

ನೂರಿಪ್ಪತ್ತು ಕೊಟ್ಟೆ. ಆರು ಎಂ.ಎಲ್.

ವ್ಯತ್ಯಾಸ ಗೊತ್ತಾದದ್ದು ಬಸ್ಸಿನಲ್ಲಿ.
ಗಾಳಿಬೀಡು ಬರುವ ಮೊದಲೇ ಬಲಗೈ ಸುಮ್ಮನಾಯಿತು,
ಸ್ವಲ್ಪ ಎಣ್ಣೆ, ಹೆಚ್ಚು ನಾನು.
ಎಡಗೈ ಆಗಷ್ಟೇ ಕಥೆ ಶುರುಮಾಡಿತ್ತು:
ಮೊದಲು ಕಿತ್ತಳೆ ಸಿಪ್ಪೆ, ಆಮೇಲೆ ತೊಗಲು,
ಮತ್ತೆ ಯಾರೋ ಈಗಿನ್ನೂ ಎದ್ದುಹೋದ ಕುರ್ಚಿ.

ರಾತ್ರಿ ಬಟ್ಟೆಸೋಪು ಹಾಕಿ ಉಜ್ಜಿದೆ. ಇತ್ತು.
ಬೆಳಿಗ್ಗೆ, ಹಂದಿಯ ಜಿಡ್ಡನ್ನೂ ಬಿಡಿಸುವ
ಕಾಚಂಪುಳಿ ಸವರಿದೆ.
ಆಗಲೂ ಇತ್ತು.

ಹಾಸಿಗೆಗೆ ಹೊಸ ಚಾದರ ಹಾಸುತ್ತಿದ್ದೆ.
ಜಾನ್ಸಿ ಮೇಡಂ ಬಾಗಿಲಲ್ಲಿ ನಿಂತು, ಮೂಗು ಅರಳಿಸಿ,
"ಗೆಸ್ಟ್ ಇನ್ನೂ ಹೋಗಿಲ್ವಾ?" ಅಂದರು.
"ಹೋದರು ಮೇಡಂ" ಅಂದೆ,
ಎಡಗೈಯನ್ನು ದಿಂಬಿನ ಕವರಿನೊಳಗೆ ಇಟ್ಟುಕೊಂಡೇ.

ಬಹಳ ಹೊತ್ತು ಇರುವುದೇ ಒಳ್ಳೆಯದಂತೆ.
ಇರಬಹುದು, ಇರಲು ಜಾಗ ಇರುವವರಿಗೆ.
ನನಗೆ ನಲವತ್ತೊಂದು ಸಾಕು.
ಭಾನುವಾರ ಮದುವೆಗೆ ಹಚ್ಚಿಕೊಂಡು ಹೋದರೆ
ಊಟದ ಪಂಕ್ತಿ ಏಳುವ ಹೊತ್ತಿಗೆ
ತಾನೂ ಮೆಲ್ಲಗೆ ಎದ್ದುಹೋಗುತ್ತದೆ,
ಸಾಕ್ಷಿ ಹೇಳಲು ನಿಲ್ಲುವುದಿಲ್ಲ.

ಶೀಶೆ ಎಸೆದಿಲ್ಲ.
ಅಕ್ಕಿ ಡಬ್ಬದ ಹಿಂದೆ ಇದೆ.
ಆಗಾಗ ಮುಚ್ಚಳ ತೆಗೆದು ಹಾಕುತ್ತೇನೆ,
ವಾಸನೆಗಲ್ಲ.
ಆ ಟಕ್ ಅನ್ನುವುದರ ನಕಲು
ಕಾಕನ ಹತ್ತಿರವೂ ಇಲ್ಲ.