ವ್ಯಾಕ್ಯೂಮ್ ಹೋಗಿದೆ

ನನ್ನ ಇಂಡಿಕಾಗೆ ಬ್ರೇಕು ಎರಡು:
ಕಲಿಯುವವರ ಕಾಲಿಗೊಂದು,
ಕಲಿಸುವ ನನ್ನ ಕಾಲಿಗೊಂದು. ನಡುವೆ ಒಂದು ಕಂಬಿ.
ಹದಿನಾಲ್ಕು ವರ್ಷದಿಂದ ಹಾಸನದ ಎಷ್ಟೋ ಲೈಸೆನ್ಸು
ನನ್ನ ಬಲಗಾಲಿನ ಹೆದರಿಕೆಯಿಂದ ಹುಟ್ಟಿದವು.

ಗುರುವಾರ ಬೆಳಿಗ್ಗೆ, ಹುಣಸಿನಕೆರೆ ಕಡೆಯ ಇಳಿಜಾರಲ್ಲಿ
ಪುಟ್ಟತಾಯಮ್ಮ ಅಂದರು, "ಮೇಡಂ, ಇದು ಕಲ್ಲು."
ನಾನೂ ಒತ್ತಿದೆ. ಕಲ್ಲೇ.
ಐವತ್ತೆರಡರ ಅವರ ಮೊಣಕಾಲು, ನಲವತ್ತರ ನನ್ನದು,
ಎರಡೂ ಸೇರಿ, ಸೀಟಿಗೆ ಬೆನ್ನು ಆನಿಸಿ,
ಬಾವಿಗೆ ಬಿದ್ದ ಕೊಡ ಎತ್ತುವವರ ಹಾಗೆ ಉಸಿರು ಬಿಗಿಹಿಡಿದು
ಒತ್ತಿದ ಮೇಲೆ
ಎಳನೀರಿನ ಗಾಡಿ ಇನ್ನೊಂದು ಗೇಣು ಅನ್ನುವಾಗ ನಿಂತಿತು.
ಎಳನೀರಿನವನು ಎತ್ತಿದ ಕತ್ತಿ ಇಳಿಸದೆ ಕೇಳಿದ,
"ಎಷ್ಟು ಬೇಕು?"
ಎರಡು ಕುಡಿದೆವು. ಮತ್ತೇನು ಮಾಡುವುದು.

ಇಲಿಯಾಸ್ ಬಾನೆಟ್ ಎತ್ತಿ
ಆಲ್ಟರ್ನೇಟರಿನ ಬೆನ್ನಿಗೆ ಬೆರಳಾಡಿಸಿ, ಎಣ್ಣೆ ಒರೆಸಿಕೊಂಡು ಹೇಳಿದ:
"ವ್ಯಾಕ್ಯೂಮ್ ಹೋಗಿದೆ."
ಆರು ಸಾವಿರ. ಮೂರು ದಿನ ಬಿಡಬೇಕು.
ಮೂರು ದಿನಕ್ಕೆ ಹನ್ನೊಂದು ಕ್ಲಾಸು. ಬೇಡ ಅಂದೆ.
ಮನೆ ಮುಟ್ಟುವವರೆಗೂ, ಮೊದಲ ಗೇರಿನಲ್ಲಿ ತೆವಳುತ್ತಾ
ಆ ಮಾತನ್ನೇ ಅಗಿದೆ.
ನೀರು ಹೋಗುತ್ತೆ, ಕರೆಂಟು ಹೋಗುತ್ತೆ, ಮಾನ ಹೋಗುತ್ತೆ.
ಏನೂ ಇಲ್ಲದ್ದು ಹೋಗುವುದು ಹೇಗೆ?
ಎಲ್ಲಿಗೆ?

ಶನಿವಾರ ಬಿ.ಎಂ. ರಸ್ತೆಯಲ್ಲಿ ಕೊಂಡ ಪಂಪು
ಒಬ್ಬಟ್ಟಿನ ಅಗಲ, ಒರಳುಗುಂಡಿನ ಗತ್ತು.
ಭಾನುವಾರ ಅಂಗಳದಲ್ಲಿ ಹಳೇ ಚಾಪೆ,
ರಂಗೋಲಿ ಬಟ್ಟಲಿನಲ್ಲಿ ಬೋಲ್ಟು.
ಬ್ಯಾಟರಿಯ ಮೈನಸ್ಸು ಬಿಚ್ಚಿದೆ. ರಬ್ಬರ್ ಹೋಸು ಬಿಚ್ಚಿದೆ.
ಎಣ್ಣೆಯ ಸಣ್ಣ ಪೈಪು ಬಿಚ್ಚುವಾಗ
ತಾಮ್ರದ ಎರಡು ವಾಷರು, ಕಾಲುಂಗುರದಂಥವು,
ದಾಸವಾಳದ ಬುಡಕ್ಕೆ ಉರುಳಿಕೊಂಡು ಹೋದವು.
ಎರಡು ಬೋಲ್ಟು ಬಂದವು. ಮೂರನೆಯದು
ಕಣ್ಣಿಗೆ ಕಾಣದು; ಬೆರಳಿಗೆ ಸಿಗುತ್ತೆ, ಸ್ಪ್ಯಾನರಿಗೆ ಸಿಗದು.
ಹತ್ತೂವರೆಯಿಂದ ಹನ್ನೆರಡರವರೆಗೆ ನಾನು ಬೈದದ್ದನ್ನೆಲ್ಲ
ಪಕ್ಕದ ಮನೆಯ ತಿಪ್ಪೇಶಿ ಮೇಷ್ಟ್ರು
ಕಿಟಕಿ ಮುಚ್ಚಿಕೊಂಡು ಕೇಳಿಸಿಕೊಂಡರು.

ಪುಟ್ಟತಾಯಮ್ಮ ಬಂದದ್ದು ಫೀಸಿನ ಬಾಕಿ ಕೊಡಲು.
ಇಪ್ಪತ್ತೆಂಟು ವರ್ಷ ಹೆರಿಗೆ ವಾರ್ಡಿನಲ್ಲಿ ಆಯಾ ಆಗಿದ್ದವರು.
ಸೆರಗು ಸಿಕ್ಕಿಸಿ, ಬಳೆ ಮೇಲೇರಿಸಿ,
ಕಣ್ಣು ಮುಚ್ಚಿ ಕೈಯನ್ನು ಒಳಗೆ ಬಿಟ್ಟರು.
"ಕಾಣದಿದ್ರೆ ಏನಂತೆ,
ತಲೆ ಯಾವ ಕಡೆಗಿದೆ ಅಂತ ಬೆರಳಿಗೆ ಗೊತ್ತಾಗುತ್ತೆ."
ಸ್ಪ್ಯಾನರು ಕೊಟ್ಟೆ. ಕಾಲು ಸುತ್ತು. ತಡೆದು, ಮತ್ತೆ ಕಾಲು ಸುತ್ತು.
ಬಂತು.

ಹಳೆಯದನ್ನು ಚಾಪೆಯ ಮೇಲೆ ಮಗುಚಿದರೆ
ಮೂರು ರೆಕ್ಕೆ, ಒಂದು ಸೀಳಿದೆ,
ಕಬ್ಬಿಣದ ಕಾಡಿಗೆ ಕದಡಿದ ಎಣ್ಣೆ.
ಇದರ ಕೆಲಸ ಏನು ಅಂತ ಕೇಳಿದರು.
ಗಾಳಿ ಹೊರಗೆ ಹಾಕೋದು ಅಂದೆ. ಒಂದು ಡಬ್ಬಿಯನ್ನು
ಸದಾ ಖಾಲಿ ಇಡೋದು. ಆ ಖಾಲಿಯೇ
ನಮ್ಮ ಕಾಲಿನ ಜೊತೆ ನಿಂತು ಒತ್ತೋದು.
"ಖಾಲಿ ಇಡೋದು ಅಂದ್ರೆ ಸುಮ್ಮನೆ ಅಲ್ಲ ಬಿಡಿ.
ವಾರ್ಡಿನಲ್ಲಿ ಒಂದು ಮಂಚ ಖಾಲಿ ಉಳಿಸ್ಕೊಳ್ಳೋಕೆ
ಯಾರ ಹತ್ರ ಜಗಳ ಆಡಿಲ್ಲ ನಾನು.
ರಾತ್ರಿ ಎರಡಕ್ಕೆ ಯಾರು ಬರ್ತಾರೋ."

ಹೊಸದಕ್ಕೆ ನಾಲ್ಕು ಹನಿ ಎಣ್ಣೆ ಕುಡಿಸಿ,
ರಬ್ಬರಿನ ಉಂಗುರ ತೊಡಿಸಿ, ಹಲ್ಲಿಗೆ ಹಲ್ಲು ಕೂಡಿಸಿ ಬಿಗಿದೆವು.
ದಾಸವಾಳದ ಬುಡದಲ್ಲಿ ವಾಷರು ಒಂದೇ ಸಿಕ್ಕಿದ್ದು.
ಇನ್ನೊಂದನ್ನು ಇಲಿಯಾಸನಿಂದಲೇ ತರಬೇಕಾಯಿತು,
ಅವನ ನಗುವಿನ ಸಮೇತ.

ಸಂಜೆ. ಇಂಜಿನ್ ಆಫ್.
ಒತ್ತಿ, ಬಿಡಿ, ಒತ್ತಿ, ಕಲ್ಲಾಗುವವರೆಗೆ ಒತ್ತಿ.
ಈಗ ಕಾಲು ಅಲ್ಲೇ ಇಟ್ಟು ಕೀ ತಿರುಗಿಸಿ ಅಂದೆ.
ನನ್ನ ಕಾಲೆರಡನ್ನೂ ಸೀಟಿನ ಮೇಲೆ ಮಡಚಿಕೊಂಡಿದ್ದೆ.
ಇಂಡಿಕಾ ಕೆಮ್ಮಿತು, ಹಿಡಿಯಿತು.

"ಅಯ್ಯೋ ಮೇಡಂ, ಕೆಳಗಿನಿಂದ
ಯಾರೋ ಮೆಲ್ಲಗೆ ಎಳ್ಕೊಂಡ ಹಾಗಾಯ್ತು!"

ಯಾರೂ ಇಲ್ಲ, ಅಂದೆ.
ನನ್ನ ಕಡೆಯ ಪೆಡಲೂ ಇಳಿದಿತ್ತು,
ಅದರ ಮೇಲೆ ಯಾರ ಕಾಲೂ ಇರಲಿಲ್ಲ.