ರೆಪ್ಪೆಯಿಲ್ಲದ ಗಿರಾಕಿ

ಕಂಪ್ಲಿಯಲ್ಲಿ, ಜೆರಾಕ್ಸ್ ಅಂಗಡಿಯ ಮೇಲೆ ನನ್ನ ಸ್ಟುಡಿಯೊ.
ಒಂದು ಸ್ಟೂಲು, ದಾರ ಕಟ್ಟಿದ ಒಂದು ಬಾಚಣಿಗೆ.
ಮೂವತ್ತೊಂದು ವರ್ಷ ಹೇಳಿದ್ದು ಒಂದೇ ಮಾತು:
ಗದ್ದ ಇಳಿಸ್ರಿ, ರೆಪ್ಪೆ ಬಡೀಬ್ಯಾಡ್ರಿ.
ಬಡಿಯುತ್ತಾರೆ.
ಹಾಲ್ ಟಿಕೆಟ್ಟಿನವರು, ರೇಷನ್ ಕಾರ್ಡಿನವರು,
ಹಜ್ಜಿಗೆ ಹೊರಟ ಮುದುಕಿ ಸಹ,
ಸರಿಯಾಗಿ ನಾನು ಗುಂಡಿ ಒತ್ತುವ ಗಳಿಗೆಗೆ.

ಕಡಲನ್ನು ನಾನು ಕಂಡದ್ದು ಪರದೆಯ ಮೇಲೆ.
ಸಿಂಧನೂರಿನ ಪೇಂಟರು ಬರೆದ ಎರಡು ತೆಂಗಿನಮರ, ಒಂದು ಅಲೆ;
ಹೊಸ ಜೋಡಿಗಳು ಅದರ ಮುಂದೆ ನಿಂತು ಬೆವರುತ್ತಿದ್ದವು.
ಸಾಣಾಪುರದಲ್ಲಿ ಪರದೇಶಿಯೊಬ್ಬ
ಕಡಲಿಗೆಂದೇ ಮಾಡಿದ ಕನ್ನಡಕ, ಕಿತ್ತಳೆ ಬಣ್ಣದ ಉಸಿರುಕೊಳವೆ,
ಕ್ಯಾಮೆರಾಕ್ಕೆ ನೀರು ತಾಗದಂಥ ಒಂದು ಡಬ್ಬಿ
ರೂಮಿನ ಬಾಡಿಗೆಗೆ ಬದಲು ಬಿಟ್ಟುಹೋದನೆಂದು ಕೇಳಿ
ಸಾವಿರದೆಂಟುನೂರು ಕೊಟ್ಟು ತಂದೆ.
ಮೊದಲು ಮನೆಯ ಡ್ರಮ್ಮಿನಲ್ಲಿ ತಲೆ ಅದ್ದಿ ನೋಡಿದೆ.
ಓಣಿಯ ಹುಡುಗರು ಸಾಲು ನಿಂತರು.

ಸಂಕ್ರಾಂತಿ ಕಳೆದ ಮೇಲೆ ಹೊಳೆ ತಿಳಿಯಾಗುತ್ತದೆ.
ಕೋಟೆಯ ಕೆಳಗೆ, ಬಂಡೆಗಳು ಬೆನ್ನು ತೋರಿಸುವ ಕಡೆ
ತಾಯಪ್ಪನ ಹರಿಗೋಲಿನಿಂದ ಇಳಿಯುವ ಮುನ್ನ
ಗಾಜು ಮಂಜಾಗದಿರಲೆಂದು ಉಗುಳಿ ಉಜ್ಜಿದೆ.
"ಅದನ್ನ ಹೊಳಿಗೆ ತಾಗಿಸಬ್ಯಾಡೊ ಮಾಬು, ಗಂಗವ್ವ ಅದಾಳ."
ಅಂಗಿಗೆ ಒರೆಸಿದೆ.

ಒಳಗೆ ಮೊದಲು ಕೇಳಿದ್ದು ನನ್ನದೇ ಉಸಿರು,
ಪಕ್ಕದ ಮನೆಯ ಮುದುಕನ ಗೊರಕೆಯಂತೆ.
ಆಮೇಲೆ ಪಾಚಿ, ಯಾರದೋ ಒಂಟಿ ಚಪ್ಪಲಿ,
ಬೆಳಕಿನಲ್ಲಿ ತಿರುಗುವ ಜಿಲೇಬಿ ಮರಿಗಳು.
ಅವು ಓಡಿದ್ದು ಕಾಣಲಿಲ್ಲ.
ಇದ್ದವು, ಇಲ್ಲ.

ಬಂಡೆಯ ನೆರಳೆಂದು ನಾನು ತಿಳಿದದ್ದಕ್ಕೆ ಮೀಸೆ ಇತ್ತು.

ಬಾಳೆ.
ತೋಟದ್ದಲ್ಲ, ಹೊಳೆಯದು.
ನನ್ನಷ್ಟುದ್ದ ಎಂದರೆ ನಂಬುವುದಿಲ್ಲ ನೀವು. ಬೇಡ,
ಎದೆಮಟ್ಟ ಅನ್ನಿ.
ಪರೆಯಿಲ್ಲದ ಮೈ, ಈಗಷ್ಟೆ ಬೆಳಗಿಟ್ಟ ತಟ್ಟೆ.
ಬಾಯಿ ಕಣ್ಣನ್ನೂ ದಾಟಿ ಸೀಳಿತ್ತು.
ಹೊಟ್ಟೆಯಡಿಯ ರೆಕ್ಕೆ ಮಾತ್ರ, ಸೀರೆಯ ಅಂಚಿನಂತೆ,
ತನ್ನ ಪಾಡಿಗೆ ಅಲುಗುತ್ತಿತ್ತು.
ಉಳಿದದ್ದೆಲ್ಲ ಕಾಯುತ್ತಿತ್ತು.
ಹೆದರಿದವನ ಬಾಯಿಗೆ ರೂಢಿಯ ಮಾತೇ ಬರುವುದು:
ಗದ್ದ ಇಳಿಸ್ರಿ ಎಂದೆ, ಕೊಳವೆಯೊಳಗೆ.
ಗುಳುಗುಳು ಎಂದಿತು.
ಒತ್ತಿದೆ. ಒತ್ತಿದೆ. ಮತ್ತೂ ಒತ್ತಿದೆ.
ರೆಪ್ಪೆ ಬಡಿಯಲಿಲ್ಲ.
ಇದ್ದರಲ್ಲವೆ ಬಡಿಯುವುದು.

ಸಂಜೆ ತಾಯಪ್ಪ ಬಂದು ಸ್ಟೂಲಿನ ಮೇಲೆ ಕೂತ,
ಕಾಲಿಗೆ ಇನ್ನೂ ಉಸುಕು.
ಪರದೆಯ ಮೇಲೆ ದೊಡ್ಡದು ಮಾಡುತ್ತ ಹೋದೆ: ಮೀಸೆ, ಹಲ್ಲಿನ ಸಾಲು,
ತುಟಿಯ ಮೂಲೆಗೆ ತುಕ್ಕು ಹಿಡಿದ ಗಾಳ,
ಗಾಳಕ್ಕೆ ಬೆರಳುದ್ದ ಹಸಿರು ನೂಲು.
"ನಿಲ್ಸು," ಅಂದ.

ಬಲಗೈಯಲ್ಲಿ ಎರಡು ಬೆರಳಿಲ್ಲ ಅವನಿಗೆ.
ಗಂಟು ಹಾಕುವುದು ಎಡಗೈಯಲ್ಲಿ, ತಿರುವು ಉಲ್ಟಾ;
ಕಂಪ್ಲಿಯಿಂದ ಸಿರುಗುಪ್ಪದ ತನಕ
ಇಂಥ ಗಂಟು ಇನ್ನೊಬ್ಬರದಿಲ್ಲ.
"ಸೇತುವೆ ಮುಳುಗಿದ ವರ್ಸ ಹರಕೊಂಡು ಹೋಗಿತ್ತು."
ಅಷ್ಟಂದು ಸುಮ್ಮನಾದ.
ಫ್ಯಾನು ತಿರುಗಿತು. ಕೆಳಗೆ ಮಿಷನ್ನು
ಯಾರದೋ ಪಹಣಿಯನ್ನು ಮಿಂಚಿ ಮಿಂಚಿ ತೆಗೆಯಿತು.
"ಉಣ್ಣಾಕ ತ್ರಾಸ ಆಗಿರಬೇಕಲ್ಲ ಅದಕ್ಕ?"
ಅಷ್ಟು ದೊಡ್ಡದಾಗಿ ಬೆಳೆದಿದೆಯಲ್ಲ ಎಂದೆ.
ಸಮಾಧಾನವಾಯಿತೊ ಇಲ್ಲವೊ.

ಮೀನಿನ ಪೂರ್ತಿ ಪಟ ಬೇಡ, ತುಟಿ ಸಾಕಂತೆ.
ಗಂಟು ಕಾಣಬೇಕಂತೆ.
ಪಾಸ್‌ಪೋರ್ಟ್ ಸೈಜು, ಎಂಟು ಕಾಪಿ.
ಏಳನ್ನು ಜೇಬಿಗಿಳಿಸಿ ಒಂದನ್ನು ನನ್ನ ಕಡೆ ಸರಿಸಿದ:
"ಗಿರಾಕಿದು ಗಿರಾಕಿಗೆ ಕೊಡಬೇಕಲ್ಲ."

ಲ್ಯಾಮಿನೇಷನ್ ಮಾಡಿ ಮೂಲೆಗೆ ತೂತು ಹೊಡೆದೆ.
ಮರುದಿನ ಅದೇ ಬಂಡೆಯ ಬಳಿ
ಕಲ್ಲಿಗೆ ಬಿಗಿದು ಇಳಿಬಿಟ್ಟ ಅದನ್ನು,
ಹಸಿರು ನೂಲು, ಎಡಗೈ ಗಂಟು.

ಎಂಟು ಕಾಪಿಯ ದುಡ್ಡು
ಇಬ್ಬರಿಂದಲೂ ಬಂದಿಲ್ಲ ಇನ್ನೂ.