ಸಿಂಧುಜಾಳಿಗೆ, ಹೊಸೂರಿನಿಂದ

ಸೈಟು ವ್ಯಾಪಾರಕ್ಕೆ ಇಳಿಯುವ ಮೊದಲು
ಎಂಬಿಎ ಮಾಡಲೋ ಬೇಡವೋ ಎಂದು ಕೇಳಿದ್ದೀಯ.
ಹೌದು ಅನ್ನಲೂ ಬಾಯಿ ಬರುವುದಿಲ್ಲ, ಬೇಡ ಅನ್ನಲೂ.
ಕೊಯಮತ್ತೂರಿನ ಎರಡು ವರ್ಷಕ್ಕೆ ನಾನು ಮಾಡಿದ ಸಾಲ
ಆರು ಲಕ್ಷ ಇಪ್ಪತ್ತು ಸಾವಿರ.
ಅದೇ ದುಡ್ಡಿಗೆ ಆಗ ಬೇರಿಗೆ ರಸ್ತೆಯಲ್ಲಿ
ಮೂವತ್ತು ನಲವತ್ತರ ಮೂಲೆ ಸೈಟು ಬರುತ್ತಿತ್ತು.
ಈ ಲೆಕ್ಕ ಹಾಕಲು ಕಲಿಸಿದ್ದೂ ಆ ಕಾಲೇಜೇ.

ಮೊದಲ ಕೆಲಸ ಹೇಳುತ್ತೇನೆ.
ಬಾಗಲೂರಿನಾಚೆ ಎರಡೂಕಾಲು ಎಕರೆ,
ಸುಣ್ಣ ಬಳಿದ ಕಲ್ಲು, ಬಣ್ಣದ ಬಾವುಟ.
ಏರ್‌ಪೋರ್ಟ್ ಬರುತ್ತದೆಂಬ ಗಾಳಿಮಾತು
ಗಾಳಿಗಿಂತ ಮೊದಲೇ ಬಂದಿತ್ತು.
ಹಣ ಹಾಕುವವರು ಹಲ್ಲಿನ ಡಾಕ್ಟರು, ಗಂಡ ಹೆಂಡತಿ.
ಲ್ಯಾಪ್‌ಟಾಪಿನಲ್ಲಿ ಏಳು ವರ್ಷದ ಲಾಭ
ಏಣಿ ಹತ್ತಿದ ಹಾಗೆ ಹತ್ತುತ್ತಿತ್ತು.
ವಿಲ್ಲಂಗ ತೆಗೆಸಿದೆ: ಮೂವತ್ತು ವರ್ಷ, ಒಂದು ಕೊಕ್ಕೆಯೂ ಇಲ್ಲ.

ಮುನಿಚೌಡಪ್ಪ ಜೊತೆಗೆ ಬಂದಿದ್ದ.
ನಾಲ್ಕನೇ ಕ್ಲಾಸು, ಅದೂ ಕನ್ನಡ ಸ್ಕೂಲು;
ನಲವತ್ತು ವರ್ಷದ ದಲ್ಲಾಳಿ, ತಮಿಳು ಮಾತಾಡುತ್ತಾನೆ,
ಅಕ್ಷರ ಮಾತ್ರ ಅವನಿಗೆ ಇರುವೆ ಸಾಲು.
"ಹಳೇ ಪತ್ರದಾಗೆ ಹೊಲದ ಹೆಸರು ಏನೈತೆ, ಓದಮ್ಮ" ಅಂದ.
ಓದಿದೆ: "ಕೋಡಿ ಒಲ."
ತಮಿಳು ಓದುವ ಕಣ್ಣಿಗೆ ಕೋಡಿ ಎಂದರೆ ಕೋಟಿ.
ಕೋಟಿಯ ಹೊಲ! ಎಂಥ ಹೆಸರು ಎಂದು ನಕ್ಕೆ.
ಅವನು ನಗಲಿಲ್ಲ.
ಚಪ್ಪಲಿ ಬಿಟ್ಟು ಬಾವುಟಗಳ ನಡುವೆ ನಡೆದ,
ಬೇಲಿಯ ಬುಡದಿಂದ ಒಂದು ಹಿಡಿ ಜೊಂಡು ಕಿತ್ತು ತಂದು
ಲ್ಯಾಪ್‌ಟಾಪಿನ ಮೇಲೇ ಇಟ್ಟ, ಬೇರಿನ ಕಪ್ಪು ಕೆಸರು ಸಮೇತ.
"ಕೋಟಿ ಅಲ್ಲ ತಾಯಿ, ಕೋಡಿ. ಮ್ಯಾಲಿನ ಕೆರೆ ತುಂಬಿದ್ರೆ
ನೀರು ಇಳಿಯೋದು ಇಲ್ಲಿಂದ್ಲೇ.
ಹದಿನೆಂಟು ವರ್ಷದಿಂದ ತುಂಬಿಲ್ಲ,
ನೀರಿಗೆ ದಾರಿ ಮರ್ತೋಗೈತೆ ಅಂದ್ಕೊಂಡವ್ರೆ."

ಯಾವ ಸೆಮಿಸ್ಟರಿನಲ್ಲೂ ಇದು ಇರಲಿಲ್ಲ.
ಆದರೆ ಕೇಳು, ನಾನು ಓದದಿದ್ದರೆ
ಅವನಿಗೂ ಕೇಳಿಸುತ್ತಿರಲಿಲ್ಲ.
ಆ ರಾತ್ರಿ ಬೇಡ ಎನ್ನುವುದಕ್ಕೆ ನಾಲ್ಕು ಪುಟ ಬರೆದೆ,
ಸರ್ವೆ ನಕ್ಷೆ, ಕೆರೆಯ ಮಟ್ಟ, ಅಡಿಟಿಪ್ಪಣಿ.
ಡಾಕ್ಟರು ಕೈಬಿಟ್ಟರು. ಕಮಿಷನ್ನೂ ಕೈಬಿಟ್ಟಿತು.
"ನಾನು ಬ್ಯಾಡ ಅಂದಾಗೆಲ್ಲ ಬೈದು ಕಳಿಸ್ತಿದ್ರು,
ನಿನ್ನ ಬ್ಯಾಡಕ್ಕೆ ಕೈಮುಗಿದ್ರಲ್ಲಮ್ಮ" ಎಂದು
ಮುನಿಚೌಡಪ್ಪ ಕರಗಿದ ಸಕ್ಕರೆಯನ್ನೇ ಕಲಕುತ್ತಿದ್ದ.
ಹೊಗಳಿಕೆಯೋ ಹೊಟ್ಟೆಯುರಿಯೋ, ಇನ್ನೂ ತಿಳಿದಿಲ್ಲ.

ಆ ಜಾಗ ಬೇರೆ ಯಾರೋ ಕೊಂಡರು.
ಮನೆಗಳೆದ್ದಿವೆ, ಒಣಗಿಯೇ ಇವೆ, ರೇಟು ಎರಡರಷ್ಟು.
ಇವತ್ತಿನ ಲೆಕ್ಕದಲ್ಲಿ ಸೋತವಳು ನಾನೇ.

ನನ್ನ ಸಾಲದ ಕಂತು ಇನ್ನೂ ಹನ್ನೊಂದು ಬಾಕಿ.
ಅರ್ಜಿ ಹಾಕುವ ಕೊನೆಯ ದಿನ ಯಾವಾಗ, ನೋಡಿಟ್ಟುಕೋ.
ಅದಕ್ಕೆ ಮುಂಚೆ ಒಂದು ಸಲ ಇಲ್ಲಿಗೆ ಬಾ,
ಮಳೆ ಬಂದ ಮಾರನೆಯ ದಿನ,
ತೊಳೆಯಬಹುದಾದ ಚಪ್ಪಲಿ ಹಾಕಿಕೊಂಡು.